ನೀರು ಕುಡಿಯದ ಉಕ್ಕು

ಡೈ ಸ್ಟೀಲಿನಿಂದ ಚಾಕು ಮಾಡಬೇಕೋ ಬೇಡವೋ ಎಂದು ಕೇಳಿಕೊಂಡು ಬರುವವರು ಈಗ ಹೆಚ್ಚಾಗಿದ್ದಾರೆ. ಮೂಡಲಗಿಯ ನನ್ನ ಅಂಗಡಿಯನ್ನು ಈಗ ನಡೆಸುವವನು ತಮ್ಮನ ಮಗ ಮಲ್ಲೇಶಿ. ಉತ್ತರ ಹೇಳಿ ಹೇಳಿ ಅವನಿಗೆ ಸಾಕಾಗಿದೆ. "ಕಾಕಾ, ಒಮ್ಮೆ ಬರದ ಕೊಟ್ಟಬಿಡ್ರಿ. ಬಂದವರ ಕೈಯಾಗ ಇಟ್ಟು ನಾ ನನ್ನ ಕೆಲಸ ಮಾಡತೇನಿ" ಎಂದ. ಅಂಗಡಿ ಬಿಟ್ಟ ಮೇಲೆ ನನಗೂ ಬೇರೆ ಕೆಲಸವಿಲ್ಲ. ಬರೆಯುತ್ತಿದ್ದೇನೆ.

ಮೊದಲು ಈ ಉಕ್ಕಿನ ದೊಡ್ಡ ಗುಣ. ಒಮ್ಮೆ ಹಚ್ಚಿದ ಧಾರ, ಅಂದರೆ ಅಲಗಿನ ಹರಿತ, ಬಹಳ ಕಾಲ ನಿಲ್ಲುತ್ತದೆ. ನಮ್ಮ ಅಡುಗೆಮನೆಯಲ್ಲಿ ಇಂಥದೊಂದು ಚಾಕು ಇದೆ. ಅದಕ್ಕೆ ಕೊನೆಯ ಸಲ ಧಾರ ಹಚ್ಚಿದವಳು ನನ್ನ ಹೆಂಡತಿ ಗೌರವ್ವ. ಅವಳು ಹೋಗಿ ವರ್ಷಾಂತಿಕವೂ ಆಯಿತು. ಚಾಕು ಇನ್ನೂ ಕೊಯ್ಯುತ್ತಿದೆ.

ದೊಡ್ಡ ದೋಷವನ್ನೂ ಇಲ್ಲೇ ಹೇಳುತ್ತೇನೆ. ಒಮ್ಮೆ ಮೊಂಡಾದರೆ ಮತ್ತೆ ಧಾರ ಬರಿಸುವುದು ಬಹಳ ಕಷ್ಟ. ಹೊಸ್ತಿಲ ಕಲ್ಲಿಗೆ, ಬಾವಿಕಟ್ಟೆಯ ಕಲ್ಲಿಗೆ ಇದು ಜಗ್ಗುವುದಿಲ್ಲ. ಬೇರೆಯೇ ಕಲ್ಲು ಬೇಕು, ಬೇರೆಯೇ ತಾಳ್ಮೆ ಬೇಕು. ಹಾಗೆ ಮಸೆದ ಮೇಲೆ ಹಳೆಯ ಧಾರ ಇರುವುದಿಲ್ಲ, ಮಸೆದವರ ಧಾರ ಇರುತ್ತದೆ. ಹಾಗಾಗಿ ಆ ಚಾಕುವನ್ನು ನಾನು ನೋಡಿಕೊಂಡು ಬಳಸುತ್ತೇನೆ.

ಇನ್ನು ಉಕ್ಕಿನ ವಿಷಯ. ತಗಡನ್ನು ಒತ್ತಿ ಕತ್ತರಿಸುವ ಅಚ್ಚುಗಳಿಗೆ ಡೈ ಎನ್ನುತ್ತಾರೆ. ಅವನ್ನು ಮಾಡುವ ಉಕ್ಕೇ ಡೈ ಸ್ಟೀಲ್. ಕಾರ್ಖಾನೆಯವರು ಡಿ ಟೂ ಎನ್ನುತ್ತಾರೆ. ನನ್ನ ಮಾವ ಅದಕ್ಕಿಟ್ಟ ಹೆಸರನ್ನು ಬರೆಯಲು ಬರುವುದಿಲ್ಲ. ಇದರಲ್ಲಿ ಇಂಗಾಲ ಹೆಚ್ಚು, ಕ್ರೋಮಿಯಂ ನೂರಕ್ಕೆ ಹನ್ನೆರಡರಷ್ಟು. ಇನ್ನೊಂದು ಚೂರು ಇದ್ದಿದ್ದರೆ ಸ್ಟೇನ್‌ಲೆಸ್ ಎನ್ನಿಸಿಕೊಳ್ಳುತ್ತಿತ್ತು. ನಾನು ಹತ್ತನೆಯ ಇಯತ್ತೆ ಫೇಲಾದದ್ದೂ ಹೀಗೆಯೇ. ಚೂರು ಕಡಿಮೆ ಬಿದ್ದದ್ದನ್ನು ಲೋಕ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾವಿನಕಾಯಿ ಹೆಚ್ಚಿ ತೊಳೆಯದೆ ಇಟ್ಟರೆ ಅಲಗಿನ ಮೇಲೆ ಕಲೆ ಬಂದೇ ಬರುತ್ತದೆ. ಗಿರಾಕಿಗಳು ಅದನ್ನು ತಂದು ತೋರಿಸಿ ಮೋಸ ಎನ್ನುತ್ತಾರೆ. ಒರೆಸಿ ಇಡಬೇಕು ಎಂದು ಮಾರುವಾಗಲೇ ಹೇಳಿಬಿಡಿ. ಹೇಳಿದರೂ ತರುತ್ತಾರೆ.

ನಾನು ಹುಟ್ಟಿದ್ದು ಕೌಜಲಗಿಯಲ್ಲಿ, ಕಂಬಾರರ ಮನೆಯಲ್ಲಿ. ಆದರೆ ಕೆಲಸ ಕಲಿತದ್ದು ಬೆಳಗಾವಿಯ ಒಂದು ಕಾರ್ಖಾನೆಯ ಅಚ್ಚಿನ ವಿಭಾಗದಲ್ಲಿ. ಅಲ್ಲಿಯ ಫೋರ್‌ಮನ್ ಸಾಹೇಬರು ಸಂಜೆ ಗೇಟಿನಲ್ಲಿ ನಿಂತು ನಮ್ಮ ಊಟದ ಡಬ್ಬಿ ತೆಗೆಸಿ ನೋಡುತ್ತಿದ್ದರು. ಹಳೆಯ ಅಚ್ಚಿನ ತುಂಡುಗಳಿಂದ ಕೆಲಸಗಾರರು ಚಾಕು ಮಾಡಿಕೊಂಡು ಒಯ್ಯುತ್ತಾರೆ ಎಂಬುದು ಅವರ ಅನುಮಾನ. ಅನುಮಾನ ಸರಿಯಾಗಿತ್ತು. ಅವರು ನಿವೃತ್ತರಾಗುವ ದಿನ ಹಾರ, ಭಾಷಣ ಎಲ್ಲ ಮುಗಿದ ಮೇಲೆ ನನ್ನನ್ನು ಬಾಜೂಕ್ಕೆ ಕರೆದರು. "ಏನಪಾ, ನನಗೂ ಒಂದ ಸಿಗತೈತೇನ? ಮನ್ಯಾಗ ಭಾಳ ದಿನದಿಂದ ಕೇಳಾಕತ್ತಾರ" ಎಂದರು. ಅವರ ಡಬ್ಬಿಯಲ್ಲೇ ಇಟ್ಟುಕೊಟ್ಟೆ. ಆ ಸಂಜೆ ಗೇಟಿನಲ್ಲಿ ಡಬ್ಬಿ ನೋಡುವವರು ಯಾರೂ ಇರಲಿಲ್ಲ.

ಮದುವೆಯಾದ ಹೊಸದರಲ್ಲಿ ಈ ಉಕ್ಕಿನ ಕೆಲವು ಪಟ್ಟಿಗಳನ್ನು ಹುಕ್ಕೇರಿಗೆ, ಹೆಂಡತಿಯ ತವರಿಗೆ ಒಯ್ದೆ. ಮಾವನವರದು ಅಲ್ಲಿ ಹೆಸರಾದ ಕುಲುಮೆ. ನಮ್ಮವರಲ್ಲಿ ಕಾಯ್ದ ಅಲಗನ್ನು ನೀರಿನಲ್ಲಿ ಅದ್ದಿ ಗಟ್ಟಿ ಮಾಡುವುದಕ್ಕೆ ನೀರು ಕೊಡುವುದು ಎನ್ನುತ್ತಾರೆ. ನೀರು ಕೊಡಲು ಬರುವವನೇ ಕಂಬಾರ. ಉಳಿದದ್ದೆಲ್ಲ ಬಡಿಯುವ ಕೆಲಸ. ಅಂಥವರ ಮುಂದೆ ನಾನು, "ಮಾಂವಾರ, ಇದಕ್ಕ ನೀರ ಕೊಡಬಾರದ್ರಿ" ಎಂದೆ.

ಮಾವ ತಿದಿಯ ಹಗ್ಗ ಬಿಟ್ಟರು. "ನೀರ ಕೊಡಬಾರದಾ? ಮತ್ತೇನ ಅಳ್ಯಾರ, ಚಾ ಕೊಡೂಣೇನ್ರಿ?"

"ಗಾಳಿಗೆ ಬಿಟ್ರ ಸಾಕ್ರಿ. ತಾನ ಗಟ್ಟಿ ಆಕ್ಕೈತಿ."

"ಗಾಳಿಗೆ ಬಿಟ್ರ ಹಪ್ಪಳ ಗಟ್ಟಿ ಆಕ್ಕಾವು. ಕಬ್ಬಣ ಆಗೂದಿಲ್ಲ."

ಅವರು ಒಂದು ಪಟ್ಟಿಯನ್ನು ತಮ್ಮ ರೂಢಿಯಂತೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು. ಮೆತ್ತಗೇ ಉಳಿಯಿತು. ಈ ಉಕ್ಕು ಕೆಂಪನ್ನು ದಾಟಿ, ಕಿತ್ತಳೆ ಬಣ್ಣ ದಾಟಿ, ಹಳದಿಯ ಹತ್ತಿರ ಹೋಗಬೇಕು. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅದನ್ನು ಹೇಳಿದೆ. ಇನ್ನೊಂದನ್ನು ಹಾಗೆ ಕಾಯಿಸಿ ಮತ್ತೆ ನೀರಿಗೇ ಹಾಕಿದರು. ಟಿಣ್ ಎಂದಿತು. ತೆಗೆದು ನೋಡಿದರೆ ಉದ್ದಕ್ಕೂ ಸೀಳು. ಮಾವ ನೀರು ತುಂಬಿದ ಕಲ್ಲುದೋಣಿಯ ಕಡೆ ನೋಡಿ, "ನೀರಿನ್ಯಾಗ ಏನೋ ಆಗೇತಿ" ಎಂದು ನೀರು ಬದಲಿಸಿದರು. ಆ ನೀರಿಗೆ ಹಾಕಿದ ಪಟ್ಟಿಯೂ ಸೀಳಿತು. ಮುಂದಿನದಕ್ಕೆ ಬಾವಿಯ ನೀರು ತರಿಸಿದರು.

ಕೊನೆಯ ಪಟ್ಟಿ ಕುಲುಮೆಯಲ್ಲಿರುವಾಗ ಗೌರವ್ವ ಒಳಗೆ ಬಂದಳು. ಅಪ್ಪನನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಇಕ್ಕಳದಿಂದ ಪಟ್ಟಿ ಎತ್ತಿ ಅಂಗಳಕ್ಕೆ ಒಯ್ದು, ದೀಪ ಹಿಡಿದವಳಂತೆ ಹಿಡಿದುಕೊಂಡು ನಿಂತಳು. ಹಳದಿ ಹೋಯಿತು, ಕೆಂಪು ಹೋಯಿತು, ಕಪ್ಪಾಯಿತು. ಆರಿದ ಮೇಲೆ ಮಾವ ಅರ ಹಚ್ಚಿ ಉಜ್ಜಿದರು. ಗಟ್ಟಿ ಉಕ್ಕಿಗೆ ಹಿಡಿಯದೆ ಅರ ಜಾರಿತು. ಇನ್ನೊಮ್ಮೆ ಉಜ್ಜಿದರು. ಆಗಲೂ ಜಾರಿತು.

"ನೀ ಎಡಗೈಲೆ ಹಿಡದಿ ನೋಡ. ಹಂಗಾಗಿ ಉಲ್ಟಾ ಗಟ್ಟಿ ಆತು" ಎಂದರು.

ಅವಳು ಎಡಚಿ. ಅಪ್ಪ ಚಿಕ್ಕಂದಿನಿಂದ ಬಿಡಿಸಲು ನೋಡಿ ಸೋತಿದ್ದರು. ಊಟ ಮಾತ್ರ ಬಲಗೈ, ಉಳಿದದ್ದೆಲ್ಲ ಎಡಗೈ. ಮಾವ ಬದುಕಿರುವವರೆಗೆ ಈ ಉಕ್ಕನ್ನು ಮತ್ತೆ ಮುಟ್ಟಲಿಲ್ಲ. ನೀರು ಕುಡಿಯದ್ದನ್ನು ನಂಬಬಾರದು ಎಂದು ನನಗೆ ಹೇಳುತ್ತಿದ್ದರು. ನಾನು ಅವರ ಮನೆಯಲ್ಲಿ ಎದುರು ಮಾತಾಡುತ್ತಿರಲಿಲ್ಲ.

ಕಾರ್ಖಾನೆ ಬಿಟ್ಟು ಮೂಡಲಗಿಯಲ್ಲಿ ಅಂಗಡಿ ಹಾಕಿದಾಗ ಕೆಲಸ ತಾನಾಗಿ ಹಂಚಿಹೋಯಿತು. ಕತ್ತರಿಸುವುದು, ಕಾಯಿಸುವುದು, ಹದ ಮಾಡುವುದು ನನ್ನದು. ಧಾರ ಅವಳದು. ಹದ ಮಾಡುವುದೆಂದರೆ ಗಟ್ಟಿಯಾದ ಅಲಗನ್ನು ಮತ್ತೆ ಸಣ್ಣ ಬಿಸಿಯಲ್ಲಿ ಇಟ್ಟು ಅದರ ಸಿಟ್ಟು ಇಳಿಸುವುದು. ಎರಡು ಸಲ ಮಾಡಿ. ಒಂದೇ ಸಲಕ್ಕೆ ಸಾಕೆಂದವರ ಚಾಕುಗಳು ಗಿರಾಕಿಯ ಕೈಯಲ್ಲಿ ಮುರಿದು ವಾಪಸು ಬರುತ್ತವೆ. ಗಿರಾಕಿಯೂ ಜೊತೆಗೆ ಬರುತ್ತಾನೆ. ಈಗ ಮಲ್ಲೇಶಿ ಕಾಯಿಸುವುದನ್ನೆಲ್ಲ ಬೆಳಗಾವಿಗೆ ಕಳಿಸುತ್ತಾನೆ. ಗಾಳಿಯೇ ಇಲ್ಲದ ಪೆಟ್ಟಿಗೆಯಲ್ಲಿ ಕಾಯಿಸಿ ಕೊಡುತ್ತಾರೆ. ಬಹಳ ಚೆನ್ನಾಗಿ ಬರುತ್ತದೆ. ಬಣ್ಣ ನೋಡುವ ಕೆಲಸ ಯಾರಿಗೂ ಇಲ್ಲ.

ಗೌರವ್ವ ಮಸೆಯುವ ರೀತಿ ಹೀಗೆ. ಮೊದಲು ಅಲಗಿನ ಅಂಚಿಗೆ ಬೆರಳಿನಿಂದ ಕಾಡಿಗೆ ಹಚ್ಚುವಳು. ನಂತರ ಈ ಉಕ್ಕಿಗೆಂದೇ ತಂದಿದ್ದ ಹಸಿರು ಕಲ್ಲಿನ ಮೇಲೆ ಒಂದೆರಡು ಸಲ ಎಳೆದು ಎತ್ತಿ ನೋಡುವಳು. ಕಲ್ಲು ಎಲ್ಲಿ ತಾಕಿದೆಯೋ ಅಲ್ಲಿ ಕಾಡಿಗೆ ಹೋಗಿರುತ್ತದೆ. ತುದಿ ಅಂಚಿನಲ್ಲಿ ಕಪ್ಪು ಉಳಿದಿದ್ದರೆ ಚಾಕುವಿನ ಬೆನ್ನು ಬಹಳ ತಗ್ಗಿದೆ ಎಂದರ್ಥ. ಕಾಡಿಗೆ ಪೂರಾ ಹೋದರೆ ಕೋನ ಸರಿ ಇದೆ. ಈಗಿನವರು ಇದನ್ನೇ ಮಾರ್ಕರ್ ಪೆನ್ನಿನಿಂದ ಮಾಡುತ್ತಾರೆ. ನಮ್ಮ ಮಗಳು ಸುನಂದಾ ಕೂಸಾಗಿದ್ದಾಗ ತಂದ ಕಾಡಿಗೆ ಡಬ್ಬಿ ಹಾಗೆ ಅಂಗಡಿಗೆ ಬಂದದ್ದು, ಮತ್ತೆ ಮನೆಗೆ ಹೋಗಲಿಲ್ಲ.

ಎಡಗೈಯಲ್ಲಿ ಮಸೆಯುತ್ತಿದ್ದುದರಿಂದ ಅವಳ ಧಾರದ ಒಂದು ಬಾಜೂ ಅಗಲ, ಇನ್ನೊಂದು ಸಣ್ಣದು. ಕಾರ್ಖಾನೆಯಲ್ಲಿ ಕಲಿತ ನನಗೆ ಇದು ಕಣ್ಣಿಗೆ ಚುಚ್ಚುತ್ತಿತ್ತು.

"ಎರಡೂ ಬಾಜೂ ಸಮ ಇರಬೇಕ" ಎನ್ನುತ್ತಿದ್ದೆ.

"ಸಮ ಇಲ್ಲ ಅಂತ ಯಾವ ಉಳ್ಳಾಗಡ್ಡಿ ಬಂದ ಹೇಳೇತ್ರಿ ನಿಮಗ?"

ಒಬ್ಬ ಗಿರಾಕಿ ಅವಳು ಮಸೆಯುವುದನ್ನು ನೋಡಿ, ಎಡಗೈಲೆ ಧಾರ ಹಚ್ಚಿದ ಚಾಕು ಮನೆಗೆ ಒಯ್ದರೆ ಒಳ್ಳೆಯದಲ್ಲ ಎಂದ. "ನೀವು ಬಲಗೈಲೆ ಕೊಯ್ರಿ ಅಣ್ಣಾರ. ಸಮ ಆಕ್ಕೈತಿ" ಎಂದಳು. ಆತ ಯೋಚನೆ ಮಾಡಿ ಒಯ್ದ.

ಗೋಕಾಕದಲ್ಲಿ ಕರದಂಟು ಮಾಡುವ ಈರಣ್ಣ ಎಂಬವರು ನಮ್ಮ ಹಳೆಯ ಗಿರಾಕಿ. ಕರದಂಟಿನ ಹಲಗೆಯಲ್ಲಿ ಬೆಲ್ಲ, ಅಂಟು, ಒಣಕೊಬ್ಬರಿ, ಬಾದಾಮಿ ಎಲ್ಲ ಇರುತ್ತದೆ. ಅದನ್ನು ದಿನವಿಡೀ ಕತ್ತರಿಸಿದರೆ ಸಾದಾ ಚಾಕು ಸಂಜೆಗೆ ಕಟ್ಟಿಗೆಯಾಗುತ್ತದೆ. ನಮ್ಮ ಚಾಕು ಒಂದು ಹಂಗಾಮು ಪೂರಾ ನಡೆಯಿತು. ಈರಣ್ಣ ಕಂಡಕಂಡವರಿಗೆ ಹೊಗಳಿದರು. ಹೊಗಳಿಕೆ ನಡೆದಿರುವಾಗಲೇ ಫೋನ್ ಬಂತು.

"ನಿಮ್ಮ ಚಾಕೂದ ಮೂಗ ಹೋಗೇತಿ. ಲಗೂ ಬರ್ರಿ."

ಗೌರವ್ವನೂ ನಾನೂ ಹೋದೆವು. ಚಾಕುವಿನ ತುದಿ ಮುರಿದಿತ್ತು, ಚೂರು ಸಿಕ್ಕಿರಲಿಲ್ಲ. ಮುಂದೆ ಮದುವೆಮನೆಗೆ ಹೋಗಬೇಕಾದ ಕರದಂಟಿನ ಹಲಗೆ. ಚೂರು ಅದರೊಳಗೆ ಇರಬಹುದು. ಬೀಗರ ಹಲ್ಲಿಗೆ ಸಿಕ್ಕರೆ ಈರಣ್ಣನ ಅಂಗಡಿ ಮುಗಿಯಿತು, ನಮ್ಮದೂ ಮುಗಿಯಿತು. ನಾನು ಹಳೆಯ ಸ್ಪೀಕರಿನ ಅಯಸ್ಕಾಂತ ತರಿಸಿ ಹಲಗೆಯ ಮೇಲೆಲ್ಲ ಆಡಿಸಿದೆ. ಅಂಟು ಹಿಡಿದದ್ದನ್ನು ಅಯಸ್ಕಾಂತ ಬಿಡಿಸಲಾರದು. ಅಯಸ್ಕಾಂತವೇ ಹಲಗೆಗೆ ಅಂಟಿತು.

"ಕರಗಸ್ರಿ. ಚೂರು ಇದ್ರ ತಳಕ್ಕ ಕೂಡತೈತಿ" ಎಂದಳು ಗೌರವ್ವ.

"ತಂಗೀ, ಬಾದಾಮಿ ಹಾಕೇನಿ ಅದರಾಗ!"

"ಬಾದಾಮಿ ಕರಗೂದಿಲ್ರಿ ಅಣ್ಣಾರ."

ಈರಣ್ಣ ಅಳುಮೋರೆ ಮಾಡಿಕೊಂಡು ಎಲ್ಲ ಕರಗಿಸಿದರು. ತಳದಲ್ಲಿ ಏನೂ ಇರಲಿಲ್ಲ. ಆಗ ಗೌರವ್ವ, ಈ ಚಾಕುವಿನಿಂದ ಬೇರೆ ಏನಾದರೂ ಮಾಡಿದಿರಾ ಎಂದು ಕೇಳಿದಳು. ಈರಣ್ಣ ಮೂಲೆಯ ಕಡೆ ನೋಡಿದರು. ಅವಳು ಮೂಲೆಯಲ್ಲಿದ್ದ ತುಪ್ಪದ ಡಬ್ಬಿ ತಂದು ತಿರುಗಿಸಿ ನೋಡಿದಳು. ಮುಚ್ಚಳದ ಸಂದಿಯಲ್ಲಿ ಚೂರು ಸಿಕ್ಕಿಕೊಂಡಿತ್ತು. ಡಬ್ಬಿ ತೆಗೆದವರು ಈರಣ್ಣನೇ. "ಇಷ್ಟ ಗಟ್ಟಿ ಚಾಕು, ಒಂದ ಮುಚ್ಚಳ ತಗಿಯಾಕ ಆಗೂದಿಲ್ಲಂದ್ರ ಹೆಂಗ್ರಿ?" ಎಂದು ನನ್ನನ್ನೇ ಕೇಳಿದರು.

ಇದು ನೆನಪಿರಲಿ. ಗಟ್ಟಿ ಬೇರೆ, ಗಡಸು ಬೇರೆ. ಈ ಉಕ್ಕು ಗಡಸು. ಕೊಯ್ಯುವುದಕ್ಕೆ ಇದೆ, ಮೀಟುವುದಕ್ಕೆ, ತಿರುಚುವುದಕ್ಕೆ ಇಲ್ಲ. ಬಾಗು ಎಂದರೆ ಮುರಿಯುತ್ತದೆ.

ಇದು ಗೊತ್ತಿದ್ದೂ ನಾವು ಕಬ್ಬು ಕಡಿಯುವ ಕೊಯ್ತಾವನ್ನು ಇದರಿಂದ ಮಾಡಿದೆವು. ಹತ್ತರಗಿಯ ಹತ್ತಿರ ಕಬ್ಬು ಕಡಿಯುವ ತಂಡದವರಿಗೆ ಒಂದಿಷ್ಟು ಕೊಟ್ಟು, ಕೆಲವು ದಿನ ಬಿಟ್ಟು ವಿಚಾರಿಸಲು ಹೋದೆವು. ಹೆದ್ದಾರಿಯ ಬದಿಯ ಹೊಲ. ಕಲ್ಲಿಗೆ ಬಡಿದು ಒಂದೆರಡು ಕೊಯ್ತಾ ಹಲ್ಲು ಹೋಗಿದ್ದವು. ಅದು ನಿರೀಕ್ಷೆ ಇದ್ದದ್ದೇ. ಉಳಿದವು ಚೆನ್ನಾಗಿ ಕೊಯ್ಯುತ್ತಿದ್ದವು. ಆದರೆ ತಂಡದ ಹಿರಿಯಳು ಯಲ್ಲವ್ವ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಇಟ್ಟಿದ್ದಳು. ಅವರ ಕೈಯಲ್ಲಿ ಹಳೆಯ, ಲಾರಿ ಪಾಟಾದಿಂದ, ಅಂದರೆ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕೊಯ್ತಾಗಳೇ ಇದ್ದವು.

"ಯಾಕವಾ, ಕೊಯ್ಯಲಿಲ್ಲೇನ?" ಎಂದೆ.

"ಕೊಯ್ಯತಾವ್ರಿ. ಅದ ತ್ರಾಸ ಆಗೇತಿ."

"ಅಂದ್ರ?"

"ಅಣ್ಣಾರ, ಕೊಯ್ತಾ ಮೊಂಡಾದ್ರ ನಾವು ಬದುವಿನ ಮ್ಯಾಲ ಕುಂತ ಮಸಿತೀವ್ರಿ. ಸೊಂಟಕ್ಕ ಒಂದೀಟ ಆರಾಮ ಸಿಗತೈತಿ. ಕೆಲಸಾ ಮಾಡಸೂ ಮುಕಾದಮ ಬಂದ ಕೇಳಿದ್ರ ಮಸಿಯಾಕತ್ತೇವಿ ಅಂತೀವಿ. ನಿಮ್ಮ ಕೊಯ್ತಾ ಮೊಂಡನ ಆಗೂದಿಲ್ಲ. ನಾವ್ ಯಾವಾಗ ಕೂಡೂದ್ರಿ?"

ಗೌರವ್ವ ಬಹಳ ಹೊತ್ತು ನಕ್ಕಳು. ಚೀಲ ಎತ್ತಿಕೊಂಡು ಬಂದೆವು. ಬಸ್ಸಿನಲ್ಲಿ, "ಖರೆ ಐತಿ ನೋಡ್ರಿ. ನಾ ಮಸಿಯಾಕ ಕುಂತಾಗ ನನಗೂ ಯಾರೂ ಏನೂ ಕೇಳೂದಿಲ್ಲ" ಎಂದಳು. ಅಂದಿನಿಂದ ಕೊಯ್ತಾಕ್ಕೆ ಲಾರಿ ಪಾಟಾವನ್ನೇ ಬಳಸಿದೆವು. ಬಾಗುತ್ತದೆ, ಮುರಿಯುವುದಿಲ್ಲ, ಯಾವ ಕಲ್ಲಿಗಾದರೂ ಮಸೆಯಬಹುದು, ಬೇಗ ಮೊಂಡಾಗುತ್ತದೆ. ಕೊನೆಯದನ್ನು ನಾನು ಮೊದಲು ದೋಷ ಎನ್ನುತ್ತಿದ್ದೆ.

ಗೌರವ್ವನಿಗೆ ಹೊಟ್ಟೆನೋವು ಶುರುವಾಗಿ, ಗೋಕಾಕದ ಆಸ್ಪತ್ರೆಗೆ ಸೇರಿಸಬೇಕು ಎಂದಾಯಿತು. ಹೊರಡುವ ಮುನ್ನ ಅವಳು ಅಡುಗೆಮನೆಯ ಚಾಕು ತೆಗೆದುಕೊಂಡು ಕಲ್ಲಿನ ಮುಂದೆ ಕುಳಿತಳು. ಈಗ ಅದ್ಯಾಕೆ ಎಂದೆ. "ನಾ ಬರೂತನಕ ಧಾರ ಇರಬೇಕಲ್ರಿ. ನಿಮಗ ಮಸಿಯಾಕ ಎಲ್ಲಿ ಬರತೈತಿ" ಎಂದಳು.

ಆಪರೇಷನ್ ಮಾಡಬೇಕು, ಬಾಯಿಗೆ ನೀರು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕೈಗೆ ಸಲಾಯಿನ್ ಹಚ್ಚಿದ್ದರು. ಅವಳಿಗೆ ಬಾಯಿ ಒಣಗುತ್ತಿತ್ತು.

"ರೀ, ಒಂದ ಗುಟುಕ ನೀರ ಕೊಡ್ರಿ."

"ಬ್ಯಾಡ ಅಂದಾರ."

"ನಾ ಏನ್ ನಿಮ್ಮ ಡೈ ಸ್ಟೀಲ್ ಅದೇನೇನ್ರಿ, ನೀರ ಕೊಟ್ರ ಸೀಳಾಕ?"

ಇಬ್ಬರೂ ನಕ್ಕೆವು. ಬಾಜೂ ಹಾಸಿಗೆಯವರು ನಮ್ಮ ಕಡೆ ನೋಡಿದರು. ನಾನು ಹತ್ತಿ ಒದ್ದೆ ಮಾಡಿ ಅವಳ ತುಟಿಗೆ ಒತ್ತಿದೆ. ಆಪರೇಷನ್ ಆದ ಮೇಲೆ ಅವಳಿಗೆ ಸರಿಯಾಗಿ ಎಚ್ಚರ ಬರಲೇ ಇಲ್ಲ. ಕೊನೆಗೆ ಬಾಯಿಗೆ ನೀರು ಬಿಡುವಾಗ ಬೇಡ ಎನ್ನುವವರು ಯಾರೂ ಇರಲಿಲ್ಲ.

ಮತ್ತೆ ಉಕ್ಕಿನ ವಿಷಯಕ್ಕೆ ಬರುತ್ತೇನೆ. ಧಾರ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಎಷ್ಟು ಬಳಸುತ್ತೀರಿ ಎಂಬುದರ ಮೇಲಿದೆ. ನಾನು ಅಡುಗೆಮನೆಯ ಚಾಕು ಬಳಸುವುದನ್ನು ಕಡಿಮೆ ಮಾಡಿದೆ. ಬೆಂಡೆಕಾಯಿ, ಚವಳಿಕಾಯಿ ಕೈಯಿಂದ ಮುರಿದೆ. ಕೊತ್ತಂಬರಿ ಹರಿದು ಹಾಕಿದೆ. ಉಳ್ಳಾಗಡ್ಡಿಯನ್ನು ಹೊಲದವರಂತೆ ಮುಷ್ಟಿಯಿಂದ ಗುದ್ದಿ ರೊಟ್ಟಿಯ ಜೊತೆ ತಿಂದೆ. ಸೋರೆಕಾಯಿ ತರುವುದನ್ನೇ ಬಿಟ್ಟೆ. ಈ ಪದ್ಧತಿಯಿಂದ ಯಾವ ಚಾಕುವಾದರೂ ಬಹಳ ದಿನ ಬರುತ್ತದೆ. ಇದನ್ನು ಉಕ್ಕಿನ ಗುಣ ಎಂದು ಬರೆಯುವುದು ತಪ್ಪಾಗುತ್ತದೆ.

ಸುನಂದಾಳನ್ನು ಕಲ್ಲೋಳಿಗೆ ಕೊಟ್ಟಿದ್ದೇವೆ. ಸ್ಕೂಟಿ ಮೇಲೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಾಳೆ. ಅವಳಿಗೆ ಈ ಪದ್ಧತಿ ಗೊತ್ತಿಲ್ಲ. ಇದ್ದ ಚಾಕುವಿನಿಂದ ಇದ್ದದ್ದನ್ನೆಲ್ಲ ಹೆಚ್ಚುತ್ತಾಳೆ.

"ಯಪ್ಪಾ, ಇದು ಕೊಯ್ಯಾಕತ್ತಿಲ್ಲ, ಹಿಚಕಾಕತ್ತೈತಿ."

"ಟಮಾಟಿ ಹಣ್ಣಾಗೇತಿ."

"ಟಮಾಟಿ ಕಾಯಿ ಐತಿ. ಮಲ್ಲೇಶಿಗೆ ಕೊಟ್ರ ಎರಡ ನಿಮಿಷದಾಗ ಮಷಿನ್‌ಗೆ ಹಿಡದ ಕೊಡತಾನ."

"ಬ್ಯಾಡ."

"ಮತ್ತ ನೀ ಹಚ್ಚು."

"ನೋಡೂಣು."

ಅವಳು ನನ್ನ ಮುಖ ನೋಡಿದಳು. ಮತ್ತೆ ಅದೇ ಚಾಕುವಿನಿಂದ ಟಮಾಟಿ ಹೆಚ್ಚತೊಡಗಿದಳು.

ಈ ಬರಹವನ್ನು ಕೊಯ್ತಾದ ವಿಷಯದವರೆಗೆ ಬರೆದಿದ್ದೆ. ಅಷ್ಟರಲ್ಲಿ ಒಂದು ದಿನ ಸುನಂದಾ ಕುಂಬಳಕಾಯಿ ಹೆಚ್ಚುವಾಗ ಚಾಕು ಹಿಡಿಯದೆ ಜಾರಿ ಅವಳ ಬೆರಳಿಗೆ ಬಿತ್ತು. ಮೊಂಡ ಚಾಕು ಹೀಗೇ ಮಾಡುತ್ತದೆ. ಹರಿತವಾದದ್ದು ಇಟ್ಟಲ್ಲಿ ಕೊಯ್ಯುತ್ತದೆ, ಮೊಂಡಾದದ್ದು ಜಾರಿ ಬೇರೆಲ್ಲೋ ಕೊಯ್ಯುತ್ತದೆ. ಗಿರಾಕಿಗಳಿಗೆ ಇದನ್ನು ಗೌರವ್ವ ದಿನಾ ಹೇಳುತ್ತಿದ್ದಳು. ಸುನಂದಾ ಬೆರಳನ್ನು ನಳದ ಕೆಳಗೆ ಹಿಡಿದುಕೊಂಡು, "ದೊಡ್ಡದೇನಲ್ಲ ಬಿಡು" ಎಂದಳು. ನಾನು ಅರಿಷಿಣ ಹಚ್ಚಿ ಬಟ್ಟೆ ಕಟ್ಟಿದೆ. ಆಮೇಲೆ ಅಂಗಡಿಗೆ ಹೋಗಿ ಹಸಿರು ಕಲ್ಲನ್ನೂ ಕಾಡಿಗೆ ಡಬ್ಬಿಯನ್ನೂ ತಂದೆ.

ಕಾಡಿಗೆ ಒಣಗಿ ಕಲ್ಲಾಗಿತ್ತು. ಸುನಂದಾ ಒಂದು ಹನಿ ಎಣ್ಣೆ ಬಿಟ್ಟು ಮೆತ್ತಗೆ ಮಾಡಿದಳು. ಅಂಚಿಗೆ ಹಚ್ಚಿದೆ. ಬಲಗೈಯಲ್ಲಿ ಹಿಡಿದು ಕಲ್ಲಿನ ಮೇಲೆ ಎಳೆದೆ. ಎತ್ತಿ ನೋಡಿದರೆ ಮೇಲುಗಡೆ ಕಾಡಿಗೆ ಹೋಗಿತ್ತು, ತುದಿ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಹಾಗೇ ಉಳಿದಿತ್ತು. ಕೋನ ನನ್ನದು, ಅವಳದಲ್ಲ. ಹಾಗೇ ಮುಂದುವರಿಸಿದರೆ ಸಂಜೆಗೆ ಎರಡೂ ಬಾಜೂ ಸಮವಾಗಿರುವ, ಕಾರ್ಖಾನೆಯವರು ಮೆಚ್ಚುವ ಚಾಕು ಆಗುತ್ತಿತ್ತು.

ಮತ್ತೆ ಕಾಡಿಗೆ ಹಚ್ಚಿದೆ. ಚಾಕುವನ್ನು ಎಡಗೈಗೆ ತೆಗೆದುಕೊಂಡೆ. ಕೈ ಕೇಳಲಿಲ್ಲ. ಕಲ್ಲನ್ನು ಅವಳು ಇಟ್ಟುಕೊಳ್ಳುತ್ತಿದ್ದ ಕಡೆಗೆ ಸರಿಸಿದೆ, ಅವಳು ಕೂರುತ್ತಿದ್ದಂತೆ ಒಂದು ಮೊಣಕಾಲು ಮಡಚಿ ಕುಳಿತೆ. ಎಳೆದೆ. ಎತ್ತಿ ನೋಡಿದೆ. ಕಾಡಿಗೆ ಪೂರಾ ಹೋಗಿತ್ತು.

"ಎಡಗೈಲೆ ಯಾಕ ಯಪ್ಪಾ?"

"ಇದು ಎಡಗೈ ಚಾಕು."

ಸುನಂದಾ ಎದ್ದು ಒಳಗೆ ಹೋದಳು. ಆಮೇಲೆ ತಂಬಿಗೆ ತಂದು ಬಾಜೂಕ್ಕೆ ಕುಳಿತು, "ಕಲ್ಲಿಗೆ ನೀರ ಬಿಡಲೇನು?" ಎಂದಳು. ಬಿಡು ಎಂದೆ. ಮಸೆಯುವಾಗ ಮಾತ್ರ ಈ ಉಕ್ಕಿಗೆ ನೀರು ಬೇಕು. ಅವಳು ಹನಿ ಹನಿಯಾಗಿ ಬಿಟ್ಟಳು.

ಮಸೆಯಲು ಬಹಳ ಹೊತ್ತು ಹಿಡಿಯುವುದು ಇದರ ದೊಡ್ಡ ದೋಷ ಎಂದು ಮೊದಲೇ ಬರೆದಿದ್ದೇನೆ. ಅಂದು ಸಂಜೆಯವರೆಗೂ ಹಿಡಿಯಿತು. ಬಾಗಿಲಿಗೆ ಒಬ್ಬಿಬ್ಬರು ಬಂದರು. ಮಸೆಯುತ್ತಿದ್ದೇನೆ ಎಂದೆ. ಯಾರೂ ಏನೂ ಕೇಳಲಿಲ್ಲ.